ಅಧ್ಯಾಪಕರ ಆನ್‌ಲೈನ್ ಡೈರೆಕ್ಟರಿ: ಹಳಸದ ಹಾಗೆ ನೋಡಿಕೊಳ್ಳಲು ಸಮಗ್ರ ಮಾರ್ಗದರ್ಶಿ

ವಿಶ್ವವಿದ್ಯಾಲಯದ ಅಧ್ಯಾಪಕರ ಡೈರೆಕ್ಟರಿ ಕಟ್ಟುವುದು ಅಂಥ ಕಷ್ಟದ ಕೆಲಸವೇನಲ್ಲ. ಒಂದೆರಡು ತಿಂಗಳು ಪಟ್ಟು ಹಿಡಿದು ಕೂತರೆ ಮುಗಿಯುತ್ತದೆ. ಎಲ್ಲರ ಫೋಟೊ ಬರುತ್ತದೆ, ಸಂಶೋಧನಾ ಪೇಪರ್‌ಗಳ ಪಟ್ಟಿ ಬರುತ್ತದೆ, ಉದ್ಘಾಟನೆಯೂ ಆಗುತ್ತದೆ. ಮಾರನೇ ವಾರ ಒಬ್ಬರಿಗೆ ಬಡ್ತಿ ಸಿಗುತ್ತದೆ. ಅದರ ಮುಂದಿನ ವಾರ ಇನ್ನೊಬ್ಬರು ಕೊಠಡಿ ಬದಲಿಸುತ್ತಾರೆ. ಎರಡು ವರ್ಷ ಬಿಟ್ಟು ನೋಡಿದರೆ ಎಷ್ಟೋ ಪುಟಗಳಲ್ಲಿ ಸುಳ್ಳು ಕೂತಿರುತ್ತದೆ. ಯಾವ ಪುಟದಲ್ಲಿ ಅಂತ ಮಾತ್ರ ಯಾರಿಗೂ ಗೊತ್ತಿರುವುದಿಲ್ಲ.

ನಾನು ಇಂಥ ಡೈರೆಕ್ಟರಿಯೊಂದನ್ನು ಹಲವು ವರ್ಷ ನೋಡಿಕೊಂಡಿದ್ದೇನೆ. ಮೊದಮೊದಲು ಎಲ್ಲರ ಹಾಗೆ ನಾನೂ ಇಮೇಲ್ ಮೇಲೆ ಇಮೇಲ್ ಕಳಿಸುತ್ತಿದ್ದೆ. ‘ದಯವಿಟ್ಟು ನಿಮ್ಮ ಪುಟವನ್ನು ಸರಿಪಡಿಸಿ.’ ಯಾರೂ ಮಾಡುತ್ತಿರಲಿಲ್ಲ. ತಪ್ಪು ಅವರದಲ್ಲ ಅಂತ ನನಗೆ ಹೊಳೆದದ್ದು ತಡವಾಗಿ. ಒಂದೇ ಪೇಪರ್‌ನ ವಿವರವನ್ನು ಅವರು ಆಗಲೇ ನಾಲ್ಕು ಕಡೆ ತುಂಬಿ ಸುಸ್ತಾಗಿರುತ್ತಾರೆ. ಜರ್ನಲ್‌ಗೆ, ಅನುದಾನ ಕೊಟ್ಟವರಿಗೆ, ವಿಭಾಗದ ವಾರ್ಷಿಕ ವರದಿಗೆ, ಬಡ್ತಿಯ ಅರ್ಜಿಗೆ. ಐದನೆಯವರಾಗಿ ನಾವು ಬಾಗಿಲು ತಟ್ಟುತ್ತೇವೆ. ಹಾಗಾಗಿ ಮುಂದಿನ ಹಂತಗಳೆಲ್ಲ ಒಂದೇ ಮಾತಿನ ಸುತ್ತ ಇವೆ: ಬೇರೆ ಕಡೆ ಸಿಗುವ ವಿವರವನ್ನು ಅಧ್ಯಾಪಕರ ಹತ್ತಿರ ಕೇಳಬೇಡಿ. ಅವರಿಗೆ ಮಾತ್ರ ಗೊತ್ತಿರುವುದನ್ನು ಕೇಳಿ, ಅದನ್ನೂ ಅಪರೂಪಕ್ಕೆ ಕೇಳಿ.

ಹಂತ 1: ಪ್ರತಿ ವಿವರಕ್ಕೂ ಒಬ್ಬ ವಾರಸುದಾರ

ತಂತ್ರಾಂಶದ ಮಾತು ಆಮೇಲೆ. ಮೊದಲು ಒಂದು ಹಾಳೆ ತೆಗೆದುಕೊಳ್ಳಿ. ಪ್ರೊಫೈಲ್ ಪುಟದಲ್ಲಿ ಕಾಣುವ ಪ್ರತಿಯೊಂದು ವಿವರವನ್ನೂ ಒಂದರ ಕೆಳಗೊಂದು ಬರೆಯಿರಿ. ಪ್ರತಿಯೊಂದರ ಮುಂದೆ ‘ಇದು ಬದಲಾದಾಗ ಮೊದಲು ಯಾರಿಗೆ ಗೊತ್ತಾಗುತ್ತದೆ?’ ಎಂಬುದಕ್ಕೆ ಉತ್ತರ ಬರೆಯಿರಿ.

ಹುದ್ದೆ, ವಿಭಾಗ, ಸೇರಿದ ದಿನ, ನಿವೃತ್ತಿಯ ದಿನ: ಸಿಬ್ಬಂದಿ ವಿಭಾಗಕ್ಕೆ. ಇಮೇಲ್ ವಿಳಾಸ: ಕಂಪ್ಯೂಟರ್ ವಿಭಾಗಕ್ಕೆ. ಕೊಠಡಿ ಸಂಖ್ಯೆ: ವಿಭಾಗದ ಕಚೇರಿಗೆ. ಪಿಎಚ್‌ಡಿ ವಿದ್ಯಾರ್ಥಿಗಳ ಹೆಸರು: ಸಂಶೋಧನಾ ವಿಭಾಗಕ್ಕೆ. ಪೇಪರ್‌ಗಳು: ಪ್ರಕಾಶಕರಿಗೆ. ಇಷ್ಟಾದ ಮೇಲೆ ಅಧ್ಯಾಪಕರ ಪಾಲಿಗೆ ಏನು ಉಳಿಯಿತು? ಫೋಟೊ, ಸಂಶೋಧನೆಯ ವಿವರಣೆ, ಹೊಸ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುತ್ತಾರಾ ಇಲ್ಲವಾ ಎಂಬುದು. ಬರೀ ಮೂರು!

ವಾರಸುದಾರರೇ ಸಿಗದ ವಿವರವನ್ನು ಪುಟದಿಂದ ತೆಗೆದುಬಿಡಿ. ‘ಈ ಸೆಮಿಸ್ಟರ್‌ನ ಪಾಠಗಳು’ ಎಂಬ ಭಾಗ ನಮ್ಮಲ್ಲಿ ಹೀಗೇ ಅನಾಥವಾಗಿತ್ತು. ಮೂರು ವರ್ಷ ಹಳೆಯ ಪಾಠಪಟ್ಟಿಯನ್ನು ನಂಬಿ ಒಬ್ಬ ವಿದ್ಯಾರ್ಥಿ ತರಗತಿ ಹುಡುಕಿಕೊಂಡು ಬಂದ ಮೇಲೆ ಅದನ್ನು ಕಿತ್ತುಹಾಕಿದೆವು. ಅದು ಹೋಯಿತಲ್ಲ ಅಂತ ಇವತ್ತಿನವರೆಗೂ ಯಾರೂ ಕೇಳಿಲ್ಲ.

ಹಾಕಲೇಬಾರದ ವಿವರಗಳೂ ಇವೆ. ಸ್ವಂತ ಮೊಬೈಲ್ ನಂಬರ್, ಮನೆ ವಿಳಾಸ, ಹುಟ್ಟಿದ ದಿನಾಂಕ, ಸಹಿ ಇರುವ ಬಯೋಡೇಟಾ ಫೈಲ್. ಕೊನೆಯದನ್ನು ಜಾಸ್ತಿ ಜನ ಮರೆಯುತ್ತಾರೆ. ಪುಟದಲ್ಲಿ ಎಲ್ಲ ಜಾಗ್ರತೆಯಾಗಿ ಬಿಟ್ಟಿರುತ್ತಾರೆ, ಪಕ್ಕದ ಪಿಡಿಎಫ್‌ನಲ್ಲಿ ಎಲ್ಲವೂ ಇರುತ್ತದೆ. ಯುರೋಪಿನ ಜಿಡಿಪಿಆರ್ ಎಂಬ ಖಾಸಗಿ ಮಾಹಿತಿ ರಕ್ಷಣೆಯ ಕಾನೂನು 2018ರ ಮೇ ತಿಂಗಳಿನಿಂದ ಜಾರಿಯಲ್ಲಿದೆ. ಬೇರೆ ಕಡೆಯೂ ಇಂಥ ಕಾನೂನುಗಳಿವೆ. ನಿಮಗೆ ಯಾವುದು ಅನ್ವಯಿಸುತ್ತದೆ ಅಂತ ಸಂಸ್ಥೆಯ ಕಾನೂನು ಸಲಹೆಗಾರರನ್ನು ಮೊದಲೇ ಕೇಳಿಟ್ಟುಕೊಳ್ಳಿ.

ಹಂತ 2: ಹೆಸರನ್ನು ನಂಬಬೇಡಿ, ಸಂಖ್ಯೆ ಕೊಡಿ

ಹೆಸರು ಬದಲಾಗುತ್ತದೆ. ಇಬ್ಬರಿಗೆ ಒಂದೇ ಹೆಸರಿರುತ್ತದೆ. ಇಮೇಲ್ ವಿಳಾಸವನ್ನು ಗುರುತಾಗಿ ಬಳಸೋಣ ಅಂದರೆ, ಬಿಟ್ಟುಹೋದವರ ವಿಳಾಸವನ್ನೇ ಹೊಸಬರಿಗೆ ಕೊಡುವ ಸಂಸ್ಥೆಗಳಿವೆ. ಹಾಗಾಗಿ ಪ್ರತಿಯೊಬ್ಬರಿಗೂ ಅರ್ಥವಿಲ್ಲದ ಒಂದು ಒಳಸಂಖ್ಯೆ ಕೊಡಿ. ಅದರಲ್ಲಿ ವಿಭಾಗದ ಸಂಕೇತ, ಸೇರಿದ ವರ್ಷ ಏನನ್ನೂ ತುರುಕಬೇಡಿ. ವಿಭಾಗಗಳು ಒಡೆಯುತ್ತವೆ, ಸೇರುತ್ತವೆ. ಸಂಖ್ಯೆ ಹಾಗೇ ಉಳಿಯಬೇಕು.

ಹೊರಗಿನ ಜಗತ್ತಿಗೆ ಆರ್ಕಿಡ್ ಸಂಖ್ಯೆ ಇದೆ, ಪ್ರತಿ ಸಂಶೋಧಕರಿಗೂ ಬೇರೆ ಬೇರೆಯಾಗಿ ಕೊಡುವ ಗುರುತು. 2012ರಲ್ಲಿ ಶುರುವಾದ ಈ ನೋಂದಣಿ ಸಂಶೋಧಕರಿಗೆ ಉಚಿತ. ನಾಲ್ಕು ನಾಲ್ಕರಂತೆ ಹದಿನಾರು ಅಂಕಿ ಇರುತ್ತವೆ. ಕೊನೆಯದು ಪರೀಕ್ಷೆಯ ಅಂಕಿ, ಅಂದರೆ ಉಳಿದ ಅಂಕಿಗಳು ಸರಿಯಾಗಿ ಟೈಪ್ ಆಗಿವೆಯೇ ಅಂತ ನೋಡಲು ಇರುವುದು; ಕೆಲವೊಮ್ಮೆ ಅಲ್ಲಿ ‘ಎಕ್ಸ್’ ಅಕ್ಷರ ಬರುತ್ತದೆ. ಹಾಗಾಗಿ ಈ ಅಂಕಣವನ್ನು ಬರೀ ಅಂಕಿಗಳಿಗೆ ಸೀಮಿತ ಮಾಡಬೇಡಿ.

ಪರೀಕ್ಷೆ ನಡೆಯುವುದು ಹೀಗೆ. ಸೊನ್ನೆಯಿಂದ ಶುರುಮಾಡಿ. ಮೊದಲ ಹದಿನೈದು ಅಂಕಿಗಳನ್ನು ಒಂದೊಂದಾಗಿ ತೆಗೆದುಕೊಳ್ಳಿ. ಪ್ರತಿ ಸಲವೂ ಆ ಅಂಕಿಯನ್ನು ಕೂಡಿಸಿ, ಬಂದದ್ದನ್ನು ಎರಡರಿಂದ ಗುಣಿಸಿ. ಕೊನೆಗೆ 11ರಿಂದ ಭಾಗಿಸಿ, ಶೇಷವನ್ನು 12ರಿಂದ ಕಳೆಯಿರಿ. 11 ಬಂದರೆ 0, 12 ಬಂದರೆ 1, 10 ಬಂದರೆ ‘ಎಕ್ಸ್’. 0000-0002-1825-0097 ಎಂಬ ಸಂಖ್ಯೆಗೆ ಮಾಡಿ ನೋಡಿ. ಮೊತ್ತ 1314, ಶೇಷ 5, ಉತ್ತರ 7. ಸರಿಯಾಗಿದೆ. ಅಂದಹಾಗೆ ಈ ಸಂಖ್ಯೆ ಜೊಸಾಯ ಕಾರ್ಬರಿ ಎಂಬ ಪ್ರೊಫೆಸರ್‌ದು. ಅವರು ಬ್ರೌನ್ ವಿಶ್ವವಿದ್ಯಾಲಯದ ಪ್ರೊಫೆಸರ್, ವಿಷಯ ಒಡೆದ ಮಡಕೆಗಳ ಅಧ್ಯಯನ. ಅಂಥ ಮನುಷ್ಯ ಇಲ್ಲವೇ ಇಲ್ಲ! 1929ರಲ್ಲಿ ಅಲ್ಲಿನವರು ಹುಟ್ಟುಹಾಕಿದ ತಮಾಷೆ ಅದು. ಈಗ ಆರ್ಕಿಡ್‌ನವರೂ ಅದನ್ನೇ ಮಾದರಿ ಸಂಖ್ಯೆಯಾಗಿ ಬಳಸುತ್ತಾರೆ. ನಿಮ್ಮ ಡೈರೆಕ್ಟರಿಯಲ್ಲಿ ಈ ಸಂಖ್ಯೆ ಸಿಕ್ಕರೆ ಯಾರೋ ಉದಾಹರಣೆಯನ್ನೇ ನಕಲು ಮಾಡಿದ್ದಾರೆ ಅಂತ ಅರ್ಥ.

ಆದರೆ ಪರೀಕ್ಷೆಯ ಅಂಕಿ ಬೆರಳು ಜಾರಿದ್ದನ್ನು ಮಾತ್ರ ಹಿಡಿಯುತ್ತದೆ. ಪಕ್ಕದವರ ಸಂಖ್ಯೆಯನ್ನು ಸರಿಯಾಗಿ ಟೈಪ್ ಮಾಡಿದರೆ ಅದಕ್ಕೆ ಗೊತ್ತಾಗುವುದಿಲ್ಲ. ಅದಕ್ಕೇ ಟೈಪ್ ಮಾಡಿಸದೆ, ಅಧ್ಯಾಪಕರು ಆರ್ಕಿಡ್‌ಗೆ ಲಾಗಿನ್ ಆಗಿ ಒಪ್ಪಿಗೆ ಕೊಡುವ ಹಾಗೆ ಮಾಡಿ. ಅಲ್ಲಿಂದ ಬಂದ ಸಂಖ್ಯೆ ಅವರದೇ ಎಂದು ಖಾತ್ರಿ.

ಹಂತ 3: ಹೆಸರು ಬರೆಯುವ ರೀತಿ

ಇದು ಸಣ್ಣ ವಿಷಯ ಅನ್ನಿಸುತ್ತದೆ, ಅಲ್ವಾ? ನನಗೆ ಬಂದ ದೂರುಗಳಲ್ಲಿ ಜಾಸ್ತಿ ಇದರ ಬಗ್ಗೆಯೇ.

ಎಷ್ಟೋ ಸಿದ್ಧ ತಂತ್ರಾಂಶಗಳು ‘ಮೊದಲ ಹೆಸರು’, ‘ಕುಟುಂಬದ ಹೆಸರು’ ಎರಡನ್ನೂ ಕಡ್ಡಾಯವಾಗಿ ಕೇಳುತ್ತವೆ. ಒಂದೇ ಹೆಸರಿರುವವರು ಏನು ಮಾಡಬೇಕು? ಕೆಲವರು ಚುಕ್ಕೆ ಇಡುತ್ತಾರೆ, ಕೆಲವರು ಹೆಸರನ್ನೇ ಎರಡು ಸಲ ಬರೆಯುತ್ತಾರೆ. ಇನಿಷಿಯಲ್ ಇರುವವರು ಅದನ್ನು ಕುಟುಂಬದ ಹೆಸರಿನ ಜಾಗದಲ್ಲಿ ಹಾಕುತ್ತಾರೆ. ಆಮೇಲೆ ಅಕಾರಾದಿ ಪಟ್ಟಿಯಲ್ಲಿ ಅವರು ಎಲ್ಲೋ ಮೂಲೆಗೆ ಸೇರಿಬಿಡುತ್ತಾರೆ. ನನ್ನ ಸಲಹೆ ಇದು. ಹೆಸರಿಗೆ ಮೂರು ಅಂಕಣ ಇಡಿ. ಪುಟದ ಮೇಲೆ ಕಾಣಬೇಕಾದ ಹೆಸರು, ಅವರು ಬರೆದ ಹಾಗೇ. ಪಟ್ಟಿಯಲ್ಲಿ ಯಾವ ಅಕ್ಷರದಡಿ ಬರಬೇಕೋ ಆ ರೂಪ. ಮೂರನೆಯದು, ಪೇಪರ್‌ಗಳಲ್ಲಿ ಕಾಣುವ ಬೇರೆ ಬೇರೆ ರೂಪಗಳು. ಕೊನೆಯದು ಹುಡುಕಾಟಕ್ಕೆ ಮಾತ್ರ, ಪುಟದಲ್ಲಿ ತೋರಿಸಬೇಡಿ. ಹಳೆಯ ಹೆಸರನ್ನು ಬಿಟ್ಟವರು ಅದು ಮತ್ತೆ ಎಲ್ಲೂ ಕಾಣಬಾರದು ಅಂತ ಬಯಸಬಹುದು. ಅಂಥವರನ್ನು ಕೇಳದೆ ಹಳೆಯ ರೂಪವನ್ನು ಹುಡುಕಾಟಕ್ಕೂ ಸೇರಿಸಬೇಡಿ.

ಕನ್ನಡದಲ್ಲೂ ಹೆಸರು ಇಡುವವರಿಗೆ ಇನ್ನೊಂದು ತಾಪತ್ರಯ ಇದೆ. ‘ಕೊ’ ಎಂಬುದನ್ನು ಯೂನಿಕೋಡ್‌ನಲ್ಲಿ ಎರಡು ಬಗೆಯಲ್ಲಿ ಬರೆಯಬಹುದು. ಒತ್ವಕ್ಕೇ ಒಂದು ಸಂಕೇತ ಇದೆ. ಎತ್ವ ಮತ್ತು ಕೊಂಬಿನ ದೀರ್ಘವನ್ನು ಜೋಡಿಸಿದರೂ ಅದೇ ಆಕಾರ ಬರುತ್ತದೆ. ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರ್‌ಗೆ ಬೇರೆ ಬೇರೆ. ಒಬ್ಬರು ಒಂದು ಬಗೆಯಲ್ಲಿ ತುಂಬಿ, ಓದುಗರು ಇನ್ನೊಂದು ಬಗೆಯಲ್ಲಿ ಹುಡುಕಿದರೆ ‘ಯಾರೂ ಸಿಗಲಿಲ್ಲ’ ಅಂತ ಬರುತ್ತದೆ. ಇದಕ್ಕೆ ಎರಡೂ ಬಗೆಯನ್ನು ಎನ್‌ಎಫ್‌ಸಿ ಎಂಬ ಒಂದೇ ರೂಪಕ್ಕೆ ತರುವ ಕ್ರಮ ಇದೆ. ಉಳಿಸುವಾಗಲೂ ಹುಡುಕುವಾಗಲೂ ಎರಡೂ ಕಡೆ ಅದನ್ನು ಹಚ್ಚಿ. ‘ರಾಜ್‌ಕುಮಾರ್’ ಥರದ ಹೆಸರಿನ ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಇರುತ್ತದೆ, ಜ ಮತ್ತು ಕ ಒತ್ತಕ್ಷರ ಆಗದಿರಲಿ ಅಂತ. ಎನ್‌ಎಫ್‌ಸಿ ಅದನ್ನು ಮುಟ್ಟುವುದಿಲ್ಲ. ಹುಡುಕುವ ಪ್ರತಿಯಿಂದ ಅದನ್ನು ನೀವೇ ತೆಗೆಯಬೇಕು. ತೋರಿಸುವ ಪ್ರತಿಯಲ್ಲಿ ಮಾತ್ರ ಹಾಗೇ ಇರಲಿ.

ಹಂತ 4: ಪೇಪರ್‌ಗಳ ಪಟ್ಟಿ ತಾನಾಗೇ ಬರಲಿ

ಕೈಯಿಂದ ಟೈಪ್ ಮಾಡಿದ ಪಟ್ಟಿ ಎಂದೂ ಪೂರ್ತಿಯಾಗಿರುವುದಿಲ್ಲ. ತಾನಾಗಿ ಬಂದ ಪಟ್ಟಿ ಎಂದೂ ಪೂರ್ತಿ ಸರಿಯಾಗಿರುವುದಿಲ್ಲ. ಎರಡರಲ್ಲಿ ಎರಡನೆಯದೇ ವಾಸಿ. ತಪ್ಪನ್ನು ತೆಗೆಯುವುದು ಸುಲಭ, ಇಲ್ಲದ್ದನ್ನು ಟೈಪ್ ಮಾಡಿಸುವುದು ಕಷ್ಟ.

ಮೊದಲು ಆರ್ಕಿಡ್‌ನಿಂದ ತನ್ನಿ. ಅಲ್ಲಿ ಅಧ್ಯಾಪಕರು ಸಾರ್ವಜನಿಕ ಅಂತ ಬಿಟ್ಟದ್ದು ಮಾತ್ರ ಸಿಗುತ್ತದೆ. ಎಷ್ಟೋ ಜನರ ಖಾತೆ ಖಾಲಿ ಇರುತ್ತದೆ. ಆಗ ಅವರಿಗೆ ಹೇಳಬೇಕಾದ್ದು ಒಂದೇ: ಆರ್ಕಿಡ್‌ನಲ್ಲಿ ಕ್ರಾಸ್‌ರೆಫ್‌ಗೆ (ಪೇಪರ್‌ಗಳಿಗೆ ಡಿಒಐ ಎಂಬ ಶಾಶ್ವತ ಗುರುತು ಸಂಖ್ಯೆ ನೋಂದಾಯಿಸುವ ಸಂಸ್ಥೆ) ಒಮ್ಮೆ ಅನುಮತಿ ಕೊಡಿ. ಆಮೇಲೆ ಪೇಪರ್ ಸಲ್ಲಿಸುವಾಗ ಆರ್ಕಿಡ್ ಸಂಖ್ಯೆ ಕೊಟ್ಟಿದ್ದು, ಪ್ರಕಾಶಕರು ಅದನ್ನು ನೋಂದಾಯಿಸಿದ್ದರೆ ಪೇಪರ್ ತಾನಾಗೇ ಅಲ್ಲಿಗೆ ಸೇರುತ್ತದೆ. ನಿಮ್ಮ ಡೈರೆಕ್ಟರಿಗೂ ಅಲ್ಲಿಂದಲೇ ಬರುತ್ತದೆ.

ಡಿಒಐ ಇರುವ ಪೇಪರ್‌ನ ಉಳಿದ ವಿವರ ಕ್ರಾಸ್‌ರೆಫ್‌ನಲ್ಲಿ ಉಚಿತವಾಗಿ ಸಿಗುತ್ತದೆ. ಕೇಳುವಾಗ ನಿಮ್ಮ ಇಮೇಲ್ ವಿಳಾಸವನ್ನೂ ಕೋರಿಕೆಯಲ್ಲಿ ಸೇರಿಸಿ. ಏನಾದರೂ ಎಡವಟ್ಟಾದರೆ ಅವರು ನಿಮ್ಮನ್ನು ಸಂಪರ್ಕಿಸಬಹುದು. ದತ್ತಾಂಶಗಳ ಡಿಒಐ ಸಾಮಾನ್ಯವಾಗಿ ಡೇಟಾಸೈಟ್ ಎಂಬ ಇನ್ನೊಂದು ಸಂಸ್ಥೆಯದು, ಅದನ್ನು ಅಲ್ಲಿ ಕೇಳಬೇಕು. ಪೇಪರ್ ವಿವರಗಳ ಮೈಕ್ರೋಸಾಫ್ಟ್‌ನವರ ದೊಡ್ಡ ಸಂಗ್ರಹ 2021ರ ಕೊನೆಗೆ ನಿಂತಿತು. ಅದರ ಜಾಗ ತುಂಬಲು ಓಪನ್‌ಅಲೆಕ್ಸ್ 2022ರ ಜನವರಿಯಲ್ಲಿ ಬಂತು. ಅದರ ದತ್ತಾಂಶ ಮುಕ್ತ. ಆದರೆ ಯಾವ ಪೇಪರ್ ಯಾರದು ಅಂತ ಅಲ್ಲಿ ಯಂತ್ರವೇ ಊಹಿಸುತ್ತದೆ. ಹೆಸರು ಚಿಕ್ಕದಿದ್ದು ಸಾಮಾನ್ಯವಾಗಿದ್ದರೆ ಊಹೆ ಕೆಡುತ್ತದೆ. ಹಾಗಾಗಿ ಅಲ್ಲಿಂದ ಬಂದದ್ದನ್ನು ನೇರವಾಗಿ ಪುಟಕ್ಕೆ ಹಾಕಬೇಡಿ, ‘ಇದು ನಿಮ್ಮದೇ?’ ಎಂಬ ಸಾಲಿನಲ್ಲಿ ನಿಲ್ಲಿಸಿ. ಗೂಗಲ್ ಸ್ಕಾಲರ್‌ನಿಂದ ಎಳೆದುಕೊಳ್ಳೋಣ ಅಂತ ಯಾರಾದರೂ ಹೇಳೇ ಹೇಳುತ್ತಾರೆ. ಅದಕ್ಕೆ ಅಧಿಕೃತ ಎಪಿಐ, ಅಂದರೆ ಪ್ರೋಗ್ರಾಂ ಮೂಲಕ ವಿವರ ಕೇಳುವ ದಾರಿ, ಇಲ್ಲ. ಕದ್ದು ಎಳೆದರೆ ಸ್ವಲ್ಪ ದಿನದಲ್ಲೇ ತಡೆ ಬೀಳುತ್ತದೆ. ಅಧ್ಯಾಪಕರ ಸ್ಕಾಲರ್ ಪುಟಕ್ಕೆ ಲಿಂಕ್ ಕೊಟ್ಟರೆ ಸಾಕು.

ಈಗ ಗೋಜಲಿನ ಭಾಗ.

ಒಂದೇ ಪೇಪರ್ ಎರಡು ಸಲ ಬರುತ್ತದೆ. ಜರ್ನಲ್‌ಗೆ ಮುಂಚೆಯೇ ಪೇಪರ್ ಹಾಕುವ ಆರ್ಕೈವ್‌ನಂಥ ತಾಣದಲ್ಲಿ ಮೊದಲು ಹಾಕಿದ ಪ್ರತಿಗೂ ಈಗ ಡಿಒಐ ಇರುತ್ತದೆ, ಜರ್ನಲ್‌ನಲ್ಲಿ ಬಂದದ್ದಕ್ಕೆ ಬೇರೆ ಡಿಒಐ. ಶೀರ್ಷಿಕೆಯ ಇಂಗ್ಲಿಷ್ ದೊಡ್ಡಕ್ಷರಗಳನ್ನು ಸಣ್ಣಕ್ಷರ ಮಾಡಿ, ವಿರಾಮ ಚಿಹ್ನೆ ತೆಗೆದು, ಮೊದಲ ಲೇಖಕರ ಹೆಸರನ್ನೂ ಸೇರಿಸಿ ಎರಡೂ ಪ್ರತಿಗಳನ್ನು ಹೋಲಿಸಿ. ಹೊಂದಿದರೆ ಜರ್ನಲ್ ಪ್ರತಿಯನ್ನು ಮುಂದೆ ಇಟ್ಟು, ಮೊದಲ ಪ್ರತಿಗೆ ಅದರ ಕೆಳಗೇ ಲಿಂಕ್ ಕೊಡಿ. ಅಳಿಸಬೇಡಿ. ಜರ್ನಲ್‌ಗೆ ಚಂದಾ ಕಟ್ಟದವರು ಓದುವುದು ಅದನ್ನೇ.

‘ಇದು ನನ್ನದಲ್ಲ’ ಎಂಬ ಗುಂಡಿ ಇಡಿ. ಒಮ್ಮೆ ಒತ್ತಿದರೆ ಆ ಉತ್ತರವನ್ನು ಶಾಶ್ವತವಾಗಿ ನೆನಪಿಡಿ. ನಾವು ನೆನಪಿಟ್ಟಿರಲಿಲ್ಲ. ಒಬ್ಬ ಮೇಡಂ ತೆಗೆದುಹಾಕಿದ ಅದೇ ಪೇಪರ್ ಪ್ರತಿ ಭಾನುವಾರ ರಾತ್ರಿ ವಾಪಸ್ ಬರುತ್ತಿತ್ತು. ನಾಲ್ಕನೇ ಸಲಕ್ಕೆ ಅವರು ಡೈರೆಕ್ಟರಿಯ ಕಡೆ ತಲೆ ಹಾಕುವುದನ್ನೇ ಬಿಟ್ಟರು.

ಪ್ರಕಟವಾದ ಮೇಲೆ ಜರ್ನಲ್‌ನವರು ಹಿಂತೆಗೆದುಕೊಂಡ ಪೇಪರ್‌ಗಳನ್ನೂ ನೋಡಬೇಕು. ಅವುಗಳ ದೊಡ್ಡ ಪಟ್ಟಿಯಾದ ರಿಟ್ರ್ಯಾಕ್ಷನ್ ವಾಚ್‌ನ ದತ್ತಾಂಶವನ್ನು ಕ್ರಾಸ್‌ರೆಫ್ 2023ರಲ್ಲಿ ಪಡೆದು ಎಲ್ಲರಿಗೂ ತೆರೆದಿದೆ. ತಿಂಗಳಿಗೊಮ್ಮೆ ನಿಮ್ಮ ಡಿಒಐಗಳನ್ನು ಅದರ ಜೊತೆ ತಾಳೆ ನೋಡಿ. ಹೊಂದಿಕೆ ಸಿಕ್ಕರೆ ಪುಟ ಬದಲಿಸುವ ಮೊದಲು ಆ ಅಧ್ಯಾಪಕರಿಗೆ ಒಂದು ಫೋನ್ ಮಾಡಿ. ಪ್ರಕಾಶಕರೇ ಎಡವಿ ಹಿಂತೆಗೆದುಕೊಂಡದ್ದೂ ಉಂಟು, ಎಲ್ಲವೂ ಮೋಸವಲ್ಲ.

ಪುಸ್ತಕ ಬರೆಯುವವರು, ಅನುವಾದಕರು, ಸಂಗೀತ ಮತ್ತು ರಂಗಭೂಮಿಯವರು ಈ ಯಂತ್ರಗಳ ಕಣ್ಣಿಗೆ ಅಷ್ಟಾಗಿ ಬೀಳುವುದಿಲ್ಲ. ಅವರ ಕೆಲಸಕ್ಕೆ ಡಿಒಐ ಇರುವುದು ಕಡಿಮೆ. ಇಲ್ಲಿ ಮಾತ್ರ ಕೈಕೆಲಸ ಬೇಕು. ಗ್ರಂಥಾಲಯದವರ ಸಹಾಯ ಕೇಳಿ. ಅವರ ಕ್ಯಾಟಲಾಗ್‌ನಲ್ಲಿ ಈ ಪುಸ್ತಕಗಳು ಆಗಲೇ ಶಿಸ್ತಾಗಿ ದಾಖಲಾಗಿರುತ್ತವೆ.

ಎಚ್ ಇಂಡೆಕ್ಸ್ ತೋರಿಸಬೇಕೇ? ಬೇಡ ಅನ್ನುವವನು ನಾನು. 2005ರಲ್ಲಿ ಭೌತವಿಜ್ಞಾನಿ ಹಾರ್ಹೆ ಹಿರ್ಷ್ ಸೂಚಿಸಿದ ಅಳತೆ ಅದು. ಎಚ್ ಇಂಡೆಕ್ಸ್ 20 ಅಂದರೆ ಕನಿಷ್ಠ 20 ಪೇಪರ್‌ಗಳು ತಲಾ 20 ಸಲವಾದರೂ ಬೇರೆ ಪೇಪರ್‌ಗಳಲ್ಲಿ ಉಲ್ಲೇಖವಾಗಿವೆ ಎಂದರ್ಥ. ಗಣಿತದವರ ಸಂಖ್ಯೆಯನ್ನೂ ವೈದ್ಯಕೀಯದವರ ಸಂಖ್ಯೆಯನ್ನೂ ಒಂದೇ ಪಟ್ಟಿಯಲ್ಲಿ ಇಟ್ಟರೆ ಅರ್ಥವೇ ಇಲ್ಲ. ಎರಡು ಸಂಗ್ರಹಗಳಲ್ಲಿ ಒಬ್ಬರದೇ ಸಂಖ್ಯೆ ಬೇರೆ ಬೇರೆ ಬರುತ್ತದೆ, ಆಮೇಲೆ ಜಗಳ ನಿಮ್ಮ ಮೇಜಿಗೆ ಬರುತ್ತದೆ.

ಹಂತ 5: ಸಂಶೋಧನೆ ಏನು ಅಂತ ಮನುಷ್ಯರ ಮಾತಿನಲ್ಲಿ

ಡೈರೆಕ್ಟರಿಗೆ ಬರುವವರು ಯಾರು? ಮಾರ್ಗದರ್ಶಕರನ್ನು ಹುಡುಕುವ ವಿದ್ಯಾರ್ಥಿ. ನಾಳೆಯೊಳಗೆ ತಜ್ಞರೊಬ್ಬರು ಬೇಕಾದ ಪತ್ರಕರ್ತೆ. ಪಕ್ಕದ ವಿಭಾಗದ ಅಧ್ಯಾಪಕರೂ ಬರುತ್ತಾರೆ, ನಂಬಿ. ಇವರಿಗೆಲ್ಲ ಹೆಸರು ಗೊತ್ತಿಲ್ಲ, ವಿಷಯ ಗೊತ್ತಿದೆ.

ಅಧ್ಯಾಪಕರ ಮುಂದೆ ಖಾಲಿ ಚೌಕ ಇಟ್ಟು ‘ಸಂಶೋಧನಾ ಆಸಕ್ತಿ’ ಅಂದರೆ ‘ಮೆಟೀರಿಯಲ್ ಸೈನ್ಸ್’ ಅಂತ ಎರಡು ಪದ ಬರುತ್ತದೆ. ಅದರ ಬದಲು ಪ್ರಶ್ನೆ ಕೇಳಿ. ಯಾವ ಪ್ರಶ್ನೆಗೆ ಉತ್ತರ ಹುಡುಕುತ್ತಿದ್ದೀರಿ? ಹೇಗೆ, ಪ್ರಯೋಗಾಲಯದಲ್ಲೋ, ಜನರ ನಡುವೆಯೋ, ಕಂಪ್ಯೂಟರ್‌ನಲ್ಲೋ? ಯಾವ ವಿಷಯದ ಬಗ್ಗೆ ನಿಮಗೆ ಯಾರಾದರೂ ಫೋನ್ ಮಾಡಿದರೆ ಖುಷಿ? ಆಗ ಬರುವ ಉತ್ತರ ಹೀಗಿರುತ್ತದೆ: ‘ಬ್ಯಾಟರಿ ಯಾಕೆ ಬೇಗ ಹಾಳಾಗುತ್ತದೆ ಅಂತ ನೋಡುತ್ತೇನೆ. ಚಾರ್ಜ್ ಆಗುವಾಗ ಒಳಗಿನ ಪದರ ಹೇಗೆ ಬಿರುಕು ಬಿಡುತ್ತದೆ ಎಂಬುದನ್ನು ಸೂಕ್ಷ್ಮದರ್ಶಕದಲ್ಲಿ ಗಮನಿಸುತ್ತೇನೆ.’ ಎರಡೇ ವಾಕ್ಯ. ಆದರೆ ಹುಡುಕುವವರಿಗೆ ಬೇಕಾದದ್ದೆಲ್ಲ ಇದೆ. ಬರೆಯಲು ಬೇಜಾರು ಅನ್ನುವವರ ಹತ್ತಿರ ಹತ್ತು ನಿಮಿಷ ಕೂತು ಮಾತಾಡಿ, ನೀವೇ ಬರೆದು ಒಪ್ಪಿಗೆ ತೆಗೆದುಕೊಳ್ಳಿ.

ವಿಷಯಪದಗಳನ್ನು ಪಟ್ಟಿಯಿಂದ ಆರಿಸುವ ಹಾಗಿರಲಿ. ಬಿಟ್ಟರೆ ಒಬ್ಬರು ‘ಮಷಿನ್ ಲರ್ನಿಂಗ್’, ಇನ್ನೊಬ್ಬರು ‘ಎಂಎಲ್’, ಮತ್ತೊಬ್ಬರು ‘ಯಂತ್ರ ಕಲಿಕೆ’ ಅಂತ ಬರೆಯುತ್ತಾರೆ. ಇನ್ನೂ ಮುಖ್ಯವಾದದ್ದು ಹುಡುಕಾಟದ ದಾಖಲೆ. ಏನೂ ಸಿಗದೆ ವಾಪಸ್ ಹೋದ ಹುಡುಕಾಟಗಳನ್ನು ತಿಂಗಳಿಗೊಮ್ಮೆ ಓದಿ. ಜನ ‘ಸಕ್ಕರೆ ಕಾಯಿಲೆ’ ಅಂತ ಹುಡುಕಿರುತ್ತಾರೆ, ನಿಮ್ಮ ಪುಟಗಳಲ್ಲಿ ‘ಡಯಾಬಿಟಿಸ್ ಮೆಲಿಟಸ್’ ಅಂತ ಇರುತ್ತದೆ. ಎರಡನ್ನೂ ಜೋಡಿಸಿ. ಈ ಅರ್ಧ ಗಂಟೆಯ ಕೆಲಸದಷ್ಟು ಫಲ ಕೊಡುವುದು ಬೇರೆ ಇಲ್ಲ.

ಹಂತ 6: ಹೋದವರ ಪುಟ

ಅಧ್ಯಾಪಕರು ಹೋದ ಮರುದಿನವೇ ಪುಟ ಅಳಿಸುವುದು ಅಂತ ಒಂದು ಕಾಲದಲ್ಲಿ ನಮ್ಮ ನಿಯಮವಿತ್ತು. ಸ್ವಚ್ಛವಾಗಿರುತ್ತದೆ ಅಂತ ಬೀಗುತ್ತಿದ್ದೆ. ಆಮೇಲೆ ಗೊತ್ತಾಯಿತು, ನಿವೃತ್ತರಾದ ಒಬ್ಬರ ಪುಟದ ವಿಳಾಸ ಅವರ ಶಿಷ್ಯರ ಪ್ರಬಂಧಗಳಲ್ಲಿ, ಬೇರೆ ವಿಶ್ವವಿದ್ಯಾಲಯಗಳ ಪುಟಗಳಲ್ಲಿ, ಪುಸ್ತಕದ ಬೆನ್ನಿನಲ್ಲೂ ಅಚ್ಚಾಗಿತ್ತು. ಎಲ್ಲ ಒಂದೇ ದಿನ ಸತ್ತುಹೋಯಿತು.

ಹಾಗಾಗಿ ಅಳಿಸಬೇಡಿ, ಸ್ಥಿತಿ ಬದಲಿಸಿ. ನಿವೃತ್ತರಾದರೆ ‘ನಿವೃತ್ತ’ ಅಂತ ವರ್ಷ ಹಾಕಿ, ಕೊಠಡಿ ಮತ್ತು ಫೋನ್ ತೆಗೆಯಿರಿ, ಪೇಪರ್ ಪಟ್ಟಿ ಉಳಿಸಿ. ಬೇರೆ ಸಂಸ್ಥೆಗೆ ಹೋದರೆ ಎರಡು ಸಾಲಿನ ಪುಟ ಸಾಕು. ಯಾವ ವರ್ಷದವರೆಗೆ ಇಲ್ಲಿದ್ದರು, ಈಗಿನ ಪುಟ ಯಾವುದು. ತೀರಿಕೊಂಡರೆ ಕುಟುಂಬದವರನ್ನು ಒಂದು ಮಾತು ಕೇಳಿ ಮುಂದುವರಿಯಿರಿ. ವಿಳಾಸ ಬದಲಿಸಲೇಬೇಕಾದರೆ 301 ಸೂಚನೆ (ಪುಟ ಶಾಶ್ವತವಾಗಿ ಬೇರೆ ಕಡೆ ಹೋಗಿದೆ ಎಂಬ ಸರ್ವರ್ ಸಂಕೇತ) ಕೊಟ್ಟು ಹೊಸ ಕಡೆಗೆ ತಿರುಗಿಸಿ. ಯಾರಾದರೂ ನನ್ನ ಪುಟವೇ ಬೇಡ ಅಂದರೆ 410 ಎಂಬ ಸಂಕೇತ ಕೊಡಿ. ಬೇಕಂತಲೇ ತೆಗೆದಿದ್ದೇವೆ ಎಂದು ಹುಡುಕುಯಂತ್ರಗಳಿಗೆ ಅದರಿಂದ ಗೊತ್ತಾಗುತ್ತದೆ. ಎರಡು ವಿಭಾಗಗಳಲ್ಲಿ ಪಾಠ ಮಾಡುವವರಿಗೂ ಪುಟ ಒಂದೇ ಇರಲಿ, ಎರಡೂ ವಿಭಾಗಗಳ ಪಟ್ಟಿಯಿಂದ ಅಲ್ಲಿಗೆ ದಾರಿ ಇರಲಿ.

ಹಂತ 7: ವಾರದ, ತಿಂಗಳ, ವರ್ಷದ ಕೆಲಸ

ವಾರಕ್ಕೊಮ್ಮೆ ಸಿಬ್ಬಂದಿ ವಿಭಾಗದ ಪಟ್ಟಿಯೊಂದಿಗೆ ತಾಳೆ. ಸೇರಿದವರು, ಹೋದವರು, ಬಡ್ತಿ ಪಡೆದವರು. ಇದನ್ನು ಯಂತ್ರ ಮಾಡಲಿ. ಆದರೆ ಒಂದೇ ಸಲ ಹತ್ತಿಪ್ಪತ್ತು ಜನ ಮಾಯವಾದರೆ ಅದು ನಿಲ್ಲಬೇಕು, ಮನುಷ್ಯರು ನೋಡಬೇಕು. ಅರ್ಧಂಬರ್ಧ ಫೈಲ್ ಬಂದ ದಿನ ಒಂದಿಡೀ ವಿಭಾಗ ಖಾಲಿಯಾಗುವುದು ಹೀಗೆ.

ತಿಂಗಳಿಗೊಮ್ಮೆ ಮುರಿದ ಲಿಂಕ್‌ಗಳ ತಪಾಸಣೆ. ಯಂತ್ರ ‘ಸರಿ ಇದೆ’ ಅಂದದ್ದನ್ನೂ ಪೂರ್ತಿ ನಂಬಬೇಡಿ. ಅಧ್ಯಾಪಕರ ಸ್ವಂತ ಜಾಲತಾಣದ ಡೊಮೇನ್ (ಅದರ ವಿಳಾಸದ ಹೆಸರು) ಅವಧಿ ಮುಗಿದರೆ ಬೇರೆ ಯಾರಾದರೂ ಕೊಳ್ಳಬಹುದು. ಲಿಂಕ್ ತೆರೆಯುತ್ತದೆ, ಒಳಗೆ ಜೂಜಿನ ಜಾಹೀರಾತು! ವರ್ಷಕ್ಕೊಮ್ಮೆ ಹೊರಗಿನ ಲಿಂಕ್‌ಗಳನ್ನೆಲ್ಲ ಕಣ್ಣಾರೆ ನೋಡಿ.

ಅಧ್ಯಾಪಕರಿಗೆ ಇಮೇಲ್ ವರ್ಷಕ್ಕೆ ಒಂದೇ. ಅದರಲ್ಲೂ ‘ನಿಮ್ಮ ಪುಟ ನೋಡಿ’ ಅಂತ ಸುಮ್ನೆ ಬರೆಯಬೇಡಿ. ಪುಟದಲ್ಲಿ ಇರುವುದನ್ನೇ ಇಮೇಲ್‌ನೊಳಗೆ ಇಳಿಸಿ. ಕೊನೆಗೆ ‘ಸರಿ ಇದ್ದರೆ ಸರಿ ಎಂದು ಮರುತ್ತರಿಸಿ, ತಪ್ಪಿದ್ದರೆ ಇಲ್ಲೇ ತಿದ್ದಿ ಕಳಿಸಿ’ ಅಂತ ಹೇಳಿ. ಲಾಗಿನ್ ಕೇಳದಿದ್ದರೆ ಉತ್ತರಗಳು ಬರುತ್ತವೆ. ಪರೀಕ್ಷೆ ಮೌಲ್ಯಮಾಪನದ ವಾರದಲ್ಲಿ ಕಳಿಸಬೇಡಿ.

ಇಮೇಲ್ ಹೋಗಬೇಕಾದವರ ಪಟ್ಟಿಯನ್ನು ಕಳಿಸುವ ದಿನವೇ ತಾಳೆ ನೋಡಿ. ನಾನೊಮ್ಮೆ ಹಿಂದಿನ ವಾರದ ಪಟ್ಟಿ ಬಳಸಿದ್ದೆ. ಆ ನಡುವೆ ಒಬ್ಬ ಹಿರಿಯ ಪ್ರೊಫೆಸರ್ ತೀರಿಕೊಂಡಿದ್ದರು. ‘ನೀವು ಬಹಳ ದಿನದಿಂದ ಪುಟ ನೋಡಿಲ್ಲ’ ಎಂಬ ನನ್ನ ಇಮೇಲ್ ತೆರೆದದ್ದು ಅವರ ಮಗಳು.

ಪುಟದ ಕೆಳಗೆ ಎರಡು ದಿನಾಂಕ ಹಾಕಿ: ಕೊನೆಗೆ ಬದಲಾದದ್ದು, ಕೊನೆಗೆ ಪರಿಶೀಲಿಸಿದ್ದು. ಎರಡೂ ಒಂದೇ ಅಲ್ಲ. ಮೂರು ವರ್ಷದಿಂದ ಬದಲಾಗದ ಪುಟ ಪೂರ್ತಿ ಸರಿ ಇರಬಹುದು. ಮೂರು ವರ್ಷದಿಂದ ಯಾರೂ ನೋಡದ ಪುಟದ ಬಗ್ಗೆ ಆ ಮಾತು ಹೇಳಲಾಗದು.

ಹಂತ 8: ತಂತ್ರಾಂಶ

ನೂರಿನ್ನೂರು ಜನರಿದ್ದರೆ ಒಂದು ಸ್ಪ್ರೆಡ್‌ಶೀಟ್, ಅದರಿಂದ ಪುಟ ಹುಟ್ಟಿಸುವ ಸಣ್ಣ ಪ್ರೋಗ್ರಾಂ ಸಾಕು. ದೊಡ್ಡದಾದರೆ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ವಿವೋ, ಅಥವಾ ಡಿಸ್ಪೇಸ್ ಕ್ರಿಸ್ ಇವೆ. ಎರಡೂ ಮುಕ್ತ ತಂತ್ರಾಂಶ. ದುಡ್ಡು ಕೊಟ್ಟು ಕೊಳ್ಳುವವರಿಗೆ ಪ್ರಕಾಶನ ಸಂಸ್ಥೆ ಎಲ್ಸೆವಿಯರ್‌ನ ಪ್ಯೂರ್ ಥರದವು ಇವೆ. ಯಾವುದನ್ನೇ ತಂದರೂ ಮೊದಲ ದಿನವೇ ಕೇಳಿ: ನಮ್ಮ ಎಲ್ಲ ದತ್ತಾಂಶವನ್ನು ಹೊರಗೆ ತೆಗೆಯುವುದು ಹೇಗೆ? ತೆಗೆದೂ ನೋಡಿ.

ಸ್ಪ್ರೆಡ್‌ಶೀಟ್ ಬಳಸುವವರು ಎಕ್ಸೆಲ್‌ನ ಅತಿಬುದ್ಧಿಯ ಬಗ್ಗೆ ಎಚ್ಚರವಾಗಿರಿ. ‘ಮಾರ್ಚ್1’ ಎಂಬ ವಂಶವಾಹಿಯ ಹೆಸರನ್ನು ಅದು ದಿನಾಂಕ ಮಾಡಿಬಿಡುತ್ತಿತ್ತು. ಕೊನೆಗೆ ಸೋತು ಇಂಥ ವಂಶವಾಹಿಗಳ ಹೆಸರನ್ನೇ ಬದಲಿಸಬೇಕಾಯಿತು. ನಿಮ್ಮ ಕೊಠಡಿ ಸಂಖ್ಯೆ ‘3-12’ ಇದ್ದರೆ ಅದಕ್ಕೂ ಅದೇ ಗತಿ. ಎಲ್ಲ ಅಂಕಣಗಳನ್ನೂ ಪಠ್ಯ ಎಂದು ಗುರುತಿಸಿ. ಸಿಎಸ್‌ವಿ (ಅಲ್ಪವಿರಾಮಗಳಿಂದ ಬೇರ್ಪಡಿಸಿದ ಪಠ್ಯದ ಫೈಲ್) ಉಳಿಸುವಾಗ ಯುಟಿಎಫ್-8 (ಎಲ್ಲ ಭಾಷೆಗಳ ಅಕ್ಷರಗಳನ್ನೂ ಉಳಿಸುವ ಬಗೆ) ಆರಿಸದಿದ್ದರೆ ಕನ್ನಡದ ಹೆಸರುಗಳೆಲ್ಲ ಪ್ರಶ್ನಾರ್ಥಕ ಚಿಹ್ನೆಯಾಗುತ್ತವೆ.

ಪ್ರತಿ ಪುಟದಲ್ಲೂ ಸ್ಕೀಮಾ ಡಾಟ್ ಆರ್ಗ್‌ನ (ಹುಡುಕುಯಂತ್ರಗಳಿಗೆ ಅರ್ಥವಾಗುವ ಮಾದರಿಗಳನ್ನು ಕೊಡುವ ತಾಣ) ‘ವ್ಯಕ್ತಿ’ ಮಾದರಿಯ ವಿವರವನ್ನು ಅಡಗಿಸಿಡಿ: ಹೆಸರು, ಹುದ್ದೆ, ಸಂಸ್ಥೆ, ಆರ್ಕಿಡ್ ಲಿಂಕ್. ಹುಡುಕುಯಂತ್ರಗಳು ಅದನ್ನೂ ಓದುತ್ತವೆ.

ಹಂತ 9: ನಿಮ್ಮ ನಂತರ ಬರುವವರಿಗೆ

ಎರಡು ಪುಟದ ಟಿಪ್ಪಣಿ ಬರೆದಿಡಿ. ಯಾವ ವಿವರದ ವಾರಸುದಾರ ಯಾವ ಕಚೇರಿ, ಯಾವ ಕೆಲಸ ಯಾವ ದಿನ ಓಡುತ್ತದೆ, ಡೊಮೇನ್ ನವೀಕರಣ ಯಾವಾಗ, ಬ್ಯಾಕಪ್ ಎಲ್ಲಿದೆ, ಅದನ್ನು ಕೊನೆಯ ಸಲ ತೆರೆದು ನೋಡಿದ್ದು ಯಾವಾಗ. ಬರೆದ ಮೇಲೆ ಈ ಕೆಲಸ ಗೊತ್ತಿಲ್ಲದ ಸಹೋದ್ಯೋಗಿಗೆ ಕೊಟ್ಟು, ಅದನ್ನಷ್ಟೇ ನೋಡಿಕೊಂಡು ಒಬ್ಬ ಹೊಸ ಅಧ್ಯಾಪಕರನ್ನು ಸೇರಿಸಲು ಹೇಳಿ. ಅವರು ಎಲ್ಲಿ ತಡವರಿಸುತ್ತಾರೋ ಅಲ್ಲಿ ಟಿಪ್ಪಣಿ ತಿದ್ದಿ. ಆ ಟಿಪ್ಪಣಿಯನ್ನು ಡೈರೆಕ್ಟರಿ ಇರುವ ಸರ್ವರ್‌ನಲ್ಲೇ ಇಡಬೇಡಿ. ಸರ್ವರ್ ಕೆಟ್ಟು ಕೂತ ದಿನವೇ ಅದನ್ನು ಹುಡುಕುವುದು.